ಯೂಗೋ ಕಾರಲ್ಲಿ ಬೆಲ್‌ಗ್ರೇಡ್ ಟೂರ್: ಹೀಟರ್ ಕೈಕೊಡ್ತು, ಅಪ್ಪ ಮಾತ್ರ ಫುಲ್ ಖುಷ್

ಬೆಲ್‌ಗ್ರೇಡಲ್ಲಿ (ಈಗ ಸರ್ಬಿಯಾ ರಾಜಧಾನಿ, ಆಗ ಯುಗೊಸ್ಲಾವಿಯಾದ್ದು) ಹಳೇ ಯೂಗೋ ಕಾರಲ್ಲಿ ಕೂರಿಸ್ಕೊಂಡು ನಾಲ್ಕು ಗಂಟೆ, ಯುಗೊಸ್ಲಾವಿಯಾನ ಆಳಿದ ಟಿಟೋ ಕಾಲದ ಜಾಗಗಳನ್ನ ಸುತ್ತಿಸೋ ಟೂರ್ ಇದೆಯಲ್ಲ, ಅದರ ರಿವ್ಯೂ ಇದು. ಕಂಪನಿ ಹೆಸರು ಬರೆಯಲ್ಲ, ಈ ಥರ ಟೂರ್ ಮಾಡೋರು ಅಲ್ಲಿ ಸುಮಾರು ಜನ ಇದಾರೆ, ನಾನು ಹೇಳೋ ಕಂಪ್ಲೇಂಟೆಲ್ಲ ನಮಗೆ ಅವತ್ತು ಸಿಕ್ಕಿದ ಆ ಒಂದು ಗಾಡಿದು, ಅಷ್ಟಕ್ಕೆ ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ.

ನಾನು ಜರ್ಮನಿಲಿ ಕೆಲಸ ಮಾಡೋನು, ಹೋದ ಅಕ್ಟೋಬರಲ್ಲಿ ಅಪ್ಪ ಮಂಡ್ಯದಿಂದ ಬಂದಿದ್ರು. ಅಪ್ಪ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು, ರಿಟೈರ್ ಆಗಿ ಹತ್ತು ವರ್ಷದ ಮೇಲಾಯ್ತು. ಪ್ಯಾರಿಸ್ ಹೋಗೋಣ್ವಾ, ಸ್ವಿಟ್ಜರ್ಲೆಂಡ್ ಹೋಗೋಣ್ವಾ ಅಂತ ನಾನು ಕೇಳ್ತಾ ಇದ್ರೆ ಅವರು ಮ್ಯಾಪ್ ನೋಡ್ಕೊಂಡು "ಈ ಬೆಲ್‌ಗ್ರೇಡ್ ಇಲ್ಲಿಂದ ಎಷ್ಟು ದೂರ ಆಗತ್ತೋ" ಅಂದ್ರು. ಯಾಕಪ್ಪಾ ಅಂದ್ರೆ "ಮೂವತ್ತೊಂದು ವರ್ಷ ಪಾಠ ಮಾಡಿದೀನಿ, ಒಂದ್ಸಲನಾದ್ರೂ ನೋಡ್ಬೇಡ್ವಾ". ಹತ್ತನೇ ಕ್ಲಾಸಲ್ಲಿ ನೀವೂ ಓದಿರ್ತೀರ, ಅಮೆರಿಕ, ರಷ್ಯಾ ಎರಡೂ ಬಣಕ್ಕೆ ಸೇರದೆ ಇರೋ ಅಲಿಪ್ತ ನೀತಿ, ನೆಹರೂ, ಟಿಟೋ, ಈಜಿಪ್ಟಿನ ನಾಸೆರ್, ಇಂಡೋನೇಷ್ಯಾದ ಸುಕಾರ್ನೋ, ಘಾನಾದ ಎನ್‌ಕ್ರುಮಾ, ಐದು ಹೆಸರು ಬರೆದ್ರೆ ಮಾರ್ಕ್ಸ್ ಗ್ಯಾರಂಟಿ. ನಾನೂ ಬರೆದು ತಗೊಂಡಿದೀನಿ, ಟಿಟೋ ಅಂದ್ರೆ ಯಾರು ಅಂತ ಆಗ್ಲೂ ಗೊತ್ತಿರ್ಲಿಲ್ಲ ಆಮೇಲೂ ಗೊತ್ತಿರ್ಲಿಲ್ಲ.

ವೀಸಾ ವಿಷಯ ಮೊದ್ಲು ಹೇಳ್ತೀನಿ, ಸುಮಾರು ಜನ ಇಲ್ಲೇ ಸಿಕ್ಕಾಕೊಳ್ಳೋದು. 2017ರಿಂದ ಸರ್ಬಿಯಾಗೆ ನಮ್ಮ ಪಾಸ್‌ಪೋರ್ಟಿಗೆ ವೀಸಾನೇ ಬೇಕಿರ್ಲಿಲ್ಲ, 2023ರ ಜನವರಿ 1ರಿಂದ ಆ ಸವಲತ್ತನ್ನ ತೆಗೆದು ಹಾಕಿದ್ರು. ಈಗ ಷೆಂಗೆನ್ ವೀಸಾ ಇದ್ರೆ ಅದರ ಮೇಲೆ ಬಿಡ್ತಾರೆ, ಆದ್ರೆ ಸರ್ಬಿಯಾ ಷೆಂಗೆನ್ ಒಳಗಿಲ್ಲ, ಹಾಗಾಗಿ ಹೋದೋರು ವಾಪಸ್ ಒಳಗೆ ಬರೋಕೆ ಮಲ್ಟಿಪಲ್ ಎಂಟ್ರಿ ಇರ್ಲೇಬೇಕು. ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋರು ಟಿಕೆಟ್ ಬುಕ್ ಮಾಡೋ ಮುಂಚೆ ಸ್ಟಿಕರ್ ನೋಡ್ಕೊಳ್ಳಿ, ರೂಲ್ಸೂ ಇನ್ನೊಂದ್ಸಲ ಚೆಕ್ ಮಾಡ್ಕೊಳ್ಳಿ.

ಈಗ ಕಾರು. ಯೂಗೋ 45, ಟೊಮ್ಯಾಟೋ ಕೆಂಪು ಬಣ್ಣ, 903 ಸಿಸಿ ಎಂಜಿನ್, ಎರಡೇ ಡೋರು, ಹಿಂದೆ ಕೂರೋರು ಮುಂದಿನ ಸೀಟು ಮಡಚಿ ನುಸುಳ್ಬೇಕು. ನಾನೂ ನನ್ನ ಹೆಂಡ್ತಿನೂ ಹಿಂದೆ ಮೊಣಕಾಲು ಗಲ್ಲಕ್ಕೆ ತಾಗೋ ಹಾಗೆ ಕೂತ್ವಿ, ಅಪ್ಪ ಮುಂದೆ ರಾಜನ ಥರ. ಗೈಡೇ ಡ್ರೈವರು, ಐವತ್ತು ದಾಟಿದ ಹೆಂಗಸು, ಇಂಗ್ಲಿಷ್ ಚೆನ್ನಾಗಿದೆ, ಕೈ ಸ್ಟೇರಿಂಗ್ ಮೇಲಿರೋದಕ್ಕಿಂತ ಗಾಳಿಲಿ ಇರೋದೇ ಜಾಸ್ತಿ. ಅವರು ಕೂತು ಚೋಕ್ ಎಳೆದು ಕೀ ತಿರುಗಿಸಿ, ಆ ಎಂಜಿನ್ನು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯ್ತಲ್ಲ, ಆ ಸೌಂಡ್ ಕೇಳಿದ್ದೇ ಅಪ್ಪ ನನ್ನ ಕಡೆ ತಿರುಗಿ "ಲೋ, ದೊಡ್ಡಪ್ಪನ ಪದ್ಮಿನಿ ಕಣೋ" ಅಂದ್ರು. ನಿಜ ಹೇಳ್ಬೇಕಂದ್ರೆ ತಪ್ಪೇನಿಲ್ಲ, ನಮ್ಮ ಪ್ರೀಮಿಯರ್ ಪದ್ಮಿನಿ ಫಿಯೆಟ್ 1100, ಯೂಗೋನೂ ಒಳಗೆಲ್ಲ ಫಿಯೆಟ್ಟೇ, ಕ್ರಾಗುಯೆವಾತ್ಸ್ ಅನ್ನೋ ಊರಿನ ಝಸ್ತಾವಾ ಫ್ಯಾಕ್ಟರಿ ಐವತ್ತರ ದಶಕದಿಂದ ಇಟಲಿ ಲೈಸೆನ್ಸಲ್ಲಿ ಕಾರು ಮಾಡ್ತಿತ್ತು. ರಷ್ಯಾದ ಲಾಡಾನೂ ಫಿಯೆಟ್ಟೇ, 124ರದ್ದು. ಕಮ್ಯುನಿಸ್ಟು, ಕ್ಯಾಪಿಟಲಿಸ್ಟು, ಮಧ್ಯದಲ್ಲಿರೋ ನಾವು, ಎಲ್ರೂ ಕೊನೆಗೆ ಹೋಗಿ ನಿಂತಿದ್ದು ಅದೇ ಇಟಲಿಯವನ ಅಂಗಡಿ ಮುಂದೆ.

ಇನ್ನೊಂದು ಮಜಾ ಏನಂದ್ರೆ ಇದೇ ಯೂಗೋನ 1985ರಲ್ಲಿ ಅಮೆರಿಕಾದಲ್ಲಿ 3,990 ಡಾಲರಿಗೆ ಮಾರೋಕೆ ಶುರು ಮಾಡಿದ್ರು, ಅಲ್ಲಿ ಆಗ ಸಿಗ್ತಿದ್ದ ಹೊಸ ಕಾರಲ್ಲೆಲ್ಲ ಅಗ್ಗದ್ದು. ಒಂದು ಕಮ್ಯುನಿಸ್ಟ್ ದೇಶದ ಕಾರು ರೇಗನ್ ಕಾಲದ ಅಮೆರಿಕಾದಲ್ಲಿ ಸಾಲದ ಮೇಲೆ ಮಾರಾಟ ಅಂದ್ರೆ ಯೋಚ್ನೆ ಮಾಡಿ. ಮೊದಮೊದ್ಲು ಕ್ಯೂ ನಿಂತು ತಗೊಂಡ್ರು, ಆಮೇಲೆ ಕೆಡೋಕೆ ಶುರುವಾಯ್ತು, ಅಲ್ಲಿ ಜೋಕ್ ಆಗೋಯ್ತು. ನಮಗೂ ಕಮ್ಮಿ ಏನಾಗ್ಲಿಲ್ಲ, ಬ್ರಾಂಕೋ ಸೇತುವೆ ಹತ್ತೋಕೆ ಇನ್ನೇನು ನೂರು ಮೀಟರ್ ಇದೆ ಅನ್ನುವಾಗ ಸಿಗ್ನಲಲ್ಲಿ ಆಫ್ ಆಯ್ತು. ಹಿಂದಿಂದ ಬಸ್ಸು ಹಾರ್ನ್ ಹೊಡೀತಾ ಇದೆ, ನಾನು ಇಳಿದು ತಳ್ಳಿದೆ, ಅಪ್ಪ ಒಳಗಿಂದ "ಸೆಕೆಂಡ್ ಗೇರಲ್ಲಿ ಬಿಡಕ್ಕೆ ಹೇಳೋ" ಅಂತ ಕನ್ನಡದಲ್ಲಿ ಇನ್‌ಸ್ಟ್ರಕ್ಷನ್, ಗೈಡಮ್ಮ ಅದು ಅರ್ಥ ಆದೋರ ಹಾಗೆ ಸೆಕೆಂಡ್ ಗೇರಿಗೇ ಹಾಕಿ ಕ್ಲಚ್ ಬಿಟ್ರು. ಸ್ಟಾರ್ಟ್ ಆಯ್ತು. ಆದ್ರೆ ಹೀಟರ್ ಆಮೇಲೆ ಬರ್ಲೇ ಇಲ್ಲ, ಹೊರಗೆ ಒಂಬತ್ತು ಡಿಗ್ರಿ, ಬುಕಿಂಗ್ ಪೇಜಲ್ಲಿ ಬೆಚ್ಚಗೆ ಕೂತು ನೋಡಿ ಅಂತ ಹಾಕಿದಾರೆ ಬೇರೆ. ಅರ್ಧ ಸ್ಟಾರ್ ಇಲ್ಲೇ ಹೋಯ್ತು.

ಟೂರು ಶುರುವಾಗೋದು ಪಾರ್ಲಿಮೆಂಟ್ ಬಿಲ್ಡಿಂಗ್ ಮುಂದೆ, 1961ರ ಸೆಪ್ಟೆಂಬರ್ 1ರಿಂದ 6ರವರೆಗೆ ಮೊದಲ ಅಲಿಪ್ತ ಶೃಂಗಸಭೆ ನಡೆದಿದ್ದು ಇಲ್ಲೇ, 25 ದೇಶ. ಗೈಡ್ ಇದನ್ನ ಸ್ವಲ್ಪ ಸಿಹಿ ಸವರಿ ಹೇಳಿದ್ರು, ಎಲ್ಲಾ ನಾಯಕರು ಬಂದ್ರು, ಶಾಂತಿ ಬೇಕು ಅಂದ್ರು, ಫೋಟೋ ತೆಗೆಸ್ಕೊಂಡ್ರು. ಅಪ್ಪ ಸುಮ್ನಿರ್ಬೇಕಲ್ಲ. "ಅದೇ ಸೆಪ್ಟೆಂಬರ್ ಒಂದಕ್ಕೆ ರಷ್ಯಾದವರು ನ್ಯೂಕ್ಲಿಯರ್ ಟೆಸ್ಟ್ ಮತ್ತೆ ಶುರು ಮಾಡಿದ್ರಲ್ಲಮ್ಮ, ನಿಮ್ಮ ಟಿಟೋ ಯಾಕೆ ಜೋರಾಗಿ ಬೈಲಿಲ್ಲ?" ಗೈಡ್ ಒಂದ್ಸಲ ಕನ್ನಡಿಲಿ ನನ್ನ ನೋಡಿದ್ರು, ಯಾರಪ್ಪ ಇವ್ರು ಅನ್ನೋ ಹಾಗೆ. ಆಮೇಲೆ ನಕ್ಕು, ಅವತ್ತು ಇಲ್ಲಿದ್ದ ಅಮೆರಿಕನ್ ರಾಯಭಾರಿ ಜಾರ್ಜ್ ಕೆನನ್‌ಗೂ ಇದೇ ಸಿಟ್ಟು, ನೀವು ಅವರ ಕಡೇನಾ ಅಂತ ಕೇಳಿದ್ರು. ಅಲ್ಲಿಂದ ಮುಂದೆ ಟೂರು ನಮ್ಮದಲ್ಲ, ಅವರಿಬ್ಬರದು. ನೆಹರೂಗೆ ಯುದ್ಧ ತಪ್ಪಿಸೋದು ಮುಖ್ಯ, ಸುಕಾರ್ನೋಗೆ ವಸಾಹತುಶಾಹಿ ವಿರುದ್ಧ ಗುಡುಗ್ಬೇಕು, ಸಭೆ ಮುಗಿದ ಮೇಲೆ ನೆಹರೂ ಮತ್ತೆ ಎನ್‌ಕ್ರುಮಾ ಕಾಗದ ಹಿಡ್ಕೊಂಡು ಮಾಸ್ಕೋಗೆ, ಸುಕಾರ್ನೋ ಮತ್ತೆ ಮಾಲಿಯ ಕೇಟಾ ವಾಷಿಂಗ್ಟನ್‌ಗೆ, ದಯವಿಟ್ಟು ಕೂತು ಮಾತಾಡಿ ಅಂತ. ನಾನು ಹಿಂದೆ ಕೂತು ಕೇಳಿಸ್ಕೊಂಡೆ. ಊರಲ್ಲಿ ಇಬ್ಬರು ಗೌಡರು ಬಡಿದಾಡುವಾಗ ಚಿಕ್ಕ ಮನೆಯವರೆಲ್ಲ ಸೇರ್ಕೊಂಡು ಎರಡೂ ಮನೆ ಬಾಗಿಲಿಗೆ ಹೋಗಿ ನಿಂತ ಹಾಗಿತ್ತು ನನಗೆ.

ಗೈಡ್ ಚೆನ್ನಾಗಿ ಹೇಳಿದ್ದು ಶುರುವಿನ ಕಥೆ. ಎರಡನೇ ಮಹಾಯುದ್ಧ ಮುಗಿದಾಗ ಟಿಟೋ ಸ್ಟಾಲಿನ್ ಕಡೆಯೋನೇ, ಪಕ್ಕಾ ಶಿಷ್ಯ. ಆದ್ರೆ ಜರ್ಮನ್ನರನ್ನ ಓಡಿಸೋದ್ರಲ್ಲಿ ದೊಡ್ಡ ಪಾಲು ತನ್ನ ಪಾರ್ಟಿಸಾನ್ ಅನ್ನೋ ಗೆರಿಲ್ಲಾ ಪಡೆದೇ, ಬೇರೆ ಪೂರ್ವ ಯುರೋಪಿನವರ ಹಾಗೆ ರಷ್ಯನ್ ಟ್ಯಾಂಕ್ ಮೇಲೆ ಕೂತ್ಕೊಂಡು ಅಧಿಕಾರಕ್ಕೆ ಬಂದೋನಲ್ಲ, ಹಂಗಾಗಿ ಹೇಳಿದ್ದಕ್ಕೆಲ್ಲ ಹೂಂ ಅನ್ನೋ ಜಾಯಮಾನ ಅಲ್ಲ. 1948ರ ಜೂನ್ 28ಕ್ಕೆ ಸ್ಟಾಲಿನ್ ಇವರನ್ನ ಕಮ್ಯುನಿಸ್ಟ್ ಪಾರ್ಟಿಗಳ ಕೂಟದಿಂದ ಆಚೆ ಹಾಕ್ದ. ವ್ಯಾಪಾರ ಬಂದ್, ಗಡೀಲಿ ಸೈನ್ಯ. 1950ರಲ್ಲಿ ಬರಗಾಲ ಬೇರೆ ಬಂತು, ಆಗ ಕಾಳು ಕಳಿಸಿದ್ದು ಅಮೆರಿಕ. ಮೊಟ್ಟೆ ಪುಡಿ ಕಳಿಸ್ತಿದ್ರಂತೆ, ಡಬ್ಬದಲ್ಲಿ, ನೀರು ಹಾಕಿ ಕಲಸಿ ಹುರಿಯೋದು, ಜನ ಅದಕ್ಕೆ "ಟ್ರೂಮನ್ ಮೊಟ್ಟೆ" ಅಂತ ಹೆಸರಿಟ್ರು. ಗೈಡಮ್ಮನ ತಾಯಿ ಚಿಕ್ಕೋರಿದ್ದಾಗ ತಿಂದು, ಸಾಯೋವರೆಗೂ ಆಮ್ಲೆಟ್ ಮುಟ್ಲಿಲ್ವಂತೆ.

ಇದನ್ನ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ನಾದ್ರು. ಆಮೇಲೆ ನಿಧಾನಕ್ಕೆ ಇಂಗ್ಲಿಷಲ್ಲಿ ಹೇಳಿದ್ರು, ನಮ್ಮ ಪ್ರೈಮರಿ ಸ್ಕೂಲಲ್ಲೂ ಮಧ್ಯಾಹ್ನ ಅಮೆರಿಕಾದ ಉಪ್ಪಿಟ್ಟು ಕೊಡೋರು, ಹಾಲಿನ ಪುಡಿ ಕಲಸಿ ಲೋಟಕ್ಕೆ ಹಾಕೋರು, ಚೀಲದ ಮೇಲೆ ಎರಡು ಕೈ ಕುಲುಕ್ತಾ ಇರೋ ಚಿತ್ರ ಇತ್ತು. ಅದೇ ಸ್ಕೂಲಲ್ಲಿ ನೋಟ್‌ಬುಕ್ಕಿಗೆ ಬೈಂಡ್ ಹಾಕ್ತಿದ್ದಿದ್ದು ರಷ್ಯಾದಿಂದ ಬರ್ತಿದ್ದ ನುಣುಪು ಕಾಗದದ ಮ್ಯಾಗಜೀನ್ ಹಾಳೆ, ಟ್ರ್ಯಾಕ್ಟರ್ ಓಡಿಸೋ ಹೆಣ್ಮಕ್ಕಳ ಫೋಟೋ ಇರೋದು. ಗೈಡ್ ಗಾಡಿ ಪಕ್ಕಕ್ಕೆ ನಿಲ್ಲಿಸೇ ಬಿಟ್ರು, ಇನ್ನೊಂದ್ಸಲ ಹೇಳಿ, ಉಪ್ಪಿಟ್ಟು ಅಂದ್ರೇನು ಅಂತ. ನಾನು ಈ ಕಥೆ ಅಪ್ಪನ ಬಾಯಲ್ಲಿ ಹಿಂದೆ ಯಾವತ್ತೂ ಕೇಳಿರ್ಲಿಲ್ಲ ನೋಡಿ, ಅರವತ್ತು ಯೂರೋ ಕೊಟ್ಟು ಬೆಲ್‌ಗ್ರೇಡ್‌ಗೆ ಬಂದು ಕೇಳ್ದೆ.

ಆ ಕಡೆ ದಡ ನ್ಯೂ ಬೆಲ್‌ಗ್ರೇಡ್. ಸಾವಾ ನದಿ ಡ್ಯಾನ್ಯೂಬಿಗೆ ಸೇರೋ ಜಾಗ, ಮೊದ್ಲು ಜೌಗು, 1948ರಿಂದ ಮರಳು ತುಂಬಿ ತುಂಬಿ ಊರು ಕಟ್ಟಿದಾರೆ. ಅಲ್ಲಿ ಸ್ನೇಹ ಉದ್ಯಾನ ಅಂತ ಪಾರ್ಕ್, 1961ರಲ್ಲಿ ಬಂದ ನಾಯಕರು ಒಬ್ಬೊಬ್ಬರು ಪ್ಲೇನ್ ಅನ್ನೋ ಜಾತಿ ಮರದ ಒಂದೊಂದು ಸಸಿ ನೆಟ್ಟಿದ್ದು, ಈಗ ಅವು ನಮ್ಮ ಸಾಲುಮರದ ಥರ ಭಾರೀ ಆಗಿವೆ. ಅಪ್ಪನಿಗೆ ನೆಹರೂ ನೆಟ್ಟ ಮರ ಬೇಕು. ಗೈಡ್ ಕೊಟ್ಟಿದ್ದು ಹದಿನೈದೇ ನಿಮಿಷ, ಪಾರ್ಕಿಂಗ್ ಟೈಮ್ ಮುಗಿಯತ್ತೆ ಅಂತ, ನೆಲದ ತುಂಬಾ ಎಲೆ ಬಿದ್ದು ಫಲಕಗಳೆಲ್ಲ ಮುಚ್ಚಿಹೋಗಿವೆ, ಅಪ್ಪ ಕಾಲಲ್ಲಿ ಎಲೆ ಸರಿಸ್ತಾ ಸರಿಸ್ತಾ ಒಂದೊಂದೇ ನೋಡ್ಕೊಂಡು ಹೋದ್ರು, ಸಿಕ್ಕಿಲ್ಲ. ಕೊನೆಗೆ ಇದ್ದಿದ್ದರಲ್ಲಿ ದಪ್ಪ ಮರ ಒಂದನ್ನ ಹಿಡ್ಕೊಂಡು ನಿಂತು "ತೆಗಿ ಫೋಟೋ, ಇದೇ ಅಂತ ಹೇಳ್ತೀನಿ, ಮಂಡ್ಯದಲ್ಲಿ ಯಾರು ಬಂದು ಚೆಕ್ ಮಾಡ್ತಾರೆ" ಅಂದ್ರು. ಈ ಒಂದು ಸ್ಟಾಪಿಗೆ ಅರ್ಧ ಗಂಟೆನಾದ್ರೂ ಬೇಕಿತ್ತು, ಇದು ನನ್ನ ಎರಡನೇ ಕಂಪ್ಲೇಂಟು. ನೆಹರೂ ಹೆಸರಿನ ಬೀದಿ ಮಾತ್ರ ಸಿಕ್ತು, ನೆಹ್ರುಓವಾ ಅಂತ ಸಿರಿಲಿಕ್ ಅಕ್ಷರದಲ್ಲಿ ಬೋರ್ಡು, ಸುತ್ತ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು, ಬಾಲ್ಕನಿಲಿ ಬಟ್ಟೆ ಒಣಗಾಕಿದಾರೆ. ಗಾಂಧಿ ಬೀದಿನೂ ಇದೆ, ಗಗಾರಿನ್ ಬೀದಿನೂ ಇದೆ, ಎಲ್ಲ ಒಂದೇ ಏರಿಯಾ.

ಅಲ್ಲಿಂದ ಸರ್ಬಿಯಾ ಅರಮನೆ ಅನ್ನೋ ದೊಡ್ಡ ಸರ್ಕಾರಿ ಬಿಲ್ಡಿಂಗು, ಗೆನೆಕ್ಸ್ ಟವರು, ಇವೆರಡನ್ನ ಹೊರಗಿಂದ ತೋರಿಸಿ ಓಡಿಸ್ಕೊಂಡು ಹೋಗ್ತಾರೆ, ಕಟ್ಟಡದ ಹುಚ್ಚು ಇದ್ರೆ ಇಷ್ಟ ಆಗತ್ತೆ, ನನಗೆ ನಮ್ಮ ವಿಧಾನಸೌಧನೇ ವಾಸಿ ಅನ್ನಿಸ್ತು.

ಊಟ ಪ್ಯಾಕೇಜಲ್ಲೇ ಇದೆ. ವೆಜ್ ಅಂತ ಬುಕಿಂಗಲ್ಲಿ ದೊಡ್ಡದಾಗಿ ಬರೆದಿದ್ದೆ, ಆದ್ರೂ ಮೊದ್ಲು ತಂದಿಟ್ಟಿದ್ದು ಚೆವಾಪಿ, ಅಂದ್ರೆ ಕೈಮಾ ಕಡ್ಡಿ. ವಾಪಸ್ ಕಳಿಸಿದ್ಮೇಲೆ ಪ್ರೆಬ್ರಾನಾತ್ಸ್ ಅಂತ ಬಂತು, ಬಿಳೀ ಬೀನ್ಸ್ ಕಾಳನ್ನ ಈರುಳ್ಳಿ ಹಾಕಿ ಮಣ್ಣಿನ ಪಾತ್ರೆಲಿ ಬೇಯಿಸಿರೋದು, ಅವರೆಕಾಳು ಸಾರು ಗಟ್ಟಿಯಾದ ಹಾಗೆ, ಸೂಪರ್. ಜೊತೆಗೆ ಐವಾರ್, ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ರುಬ್ಬಿದ ಚಟ್ನಿ. ಅಪ್ಪ ಎರಡು ಬಾಟ್ಲಿ ಊರಿಗೆ ತಗೊಂಡು ಹೋದ್ರು, ರೊಟ್ಟಿಗೆ ಆಗತ್ತೆ ಅಂತ. ಕುಡಿಯೋಕೆ ಕೊಕ್ತಾ. ಇದು 1953ರಲ್ಲಿ ಸ್ಲೊವೇನಿಯಾದಲ್ಲಿ ಶುರುವಾದ ಅವರದ್ದೇ ಕೋಲಾ, ಕಾಡು ಗುಲಾಬಿ ಹಣ್ಣು ಮತ್ತೆ ಗಿಡಮೂಲಿಕೆ ಹಾಕಿರೋದು. ಕೆಮ್ಮಿನ ಸಿರಪ್ಪಿಗೆ ಸೋಡಾ ಹಾಕಿದ ಹಾಗಿದೆ ಅಂದ್ಲು ಹೆಂಡ್ತಿ. 1968ರಲ್ಲಿ ಅಸಲಿ ಕೋಕಾ ಕೋಲಾನೇ ಲೈಸೆನ್ಸಲ್ಲಿ ಅಲ್ಲಿ ತಯಾರಾಗೋಕೆ ಶುರುವಾಯ್ತಂತೆ, ಆದ್ರೂ ಕೊಕ್ತಾ ಬಿಟ್ಟಿಲ್ಲ ಜನ. ಅದೇ ವರ್ಷ ಆಗಸ್ಟಲ್ಲಿ ರಷ್ಯಾ ಟ್ಯಾಂಕ್‌ಗಳು ಪ್ರಾಗ್‌ಗೆ ನುಗ್ಗಿದ್ವು, ಟಿಟೋ ಖಂಡಿಸಿದ, ನಾಳೆ ನಮ್ಮ ಸರದಿ ಅಂತ ಹೆದರಿ ಹಳ್ಳಿ ಹಳ್ಳಿಯವರಿಗೂ ಬಂದೂಕು ಟ್ರೈನಿಂಗ್ ಕೊಡೋ ವ್ಯವಸ್ಥೆ ಮಾಡಿದ. ಊಟದ ಮೇಜಲ್ಲಿ ಇದೆಲ್ಲ ಒಟ್ಟೊಟ್ಟಿಗೆ ಬರತ್ತೆ, ಗೈಡಮ್ಮ ಡೇಟ್ ಪ್ರಕಾರ ಹೇಳೋರಲ್ಲ, ಯಾವುದು ನೆನಪಾದ್ರೆ ಅದು.

ಈಗ ನನ್ನ ದೊಡ್ಡ ತಕರಾರು. ಇಷ್ಟೆಲ್ಲ ಹೇಳೋರು ಗೋಲಿ ಓಟೊಕ್ ವಿಷಯ ಬಾಯೇ ಬಿಡ್ಲಿಲ್ಲ. ಅದು ಏಡ್ರಿಯಾಟಿಕ್ ಸಮುದ್ರದಲ್ಲಿರೋ ಬೋಳು ದ್ವೀಪ, ಹೆಸರಿನ ಅರ್ಥನೂ ಅದೇ, 1949ರಿಂದ ಸ್ಟಾಲಿನ್ ಪರ ಅಂತ ಅನುಮಾನ ಬಂದೋರನ್ನೆಲ್ಲ ಅಲ್ಲಿಗೆ ತಳ್ಳಿ ಬಿಸಿಲಲ್ಲಿ ಕಲ್ಲು ಹೊರಿಸ್ತಿದ್ರು, ಸಾವಿರಾರು ಜನ. ಸ್ಟಾಲಿನ್‌ನಿಂದ ತಪ್ಪಿಸ್ಕೊಳ್ಳೋಕೆ ಸ್ಟಾಲಿನ್ ಥರದ್ದೇ ಜೈಲು. ನಾನು ಮನೇಲೇ ಓದ್ಕೊಂಡು ಹೋಗಿದ್ದೆ, ಕೇಳ್ದೆ. ಅವರು ಕಾಫಿ ಕಪ್ ಕೆಳಗಿಟ್ಟು, ನಮ್ಮ ಮಾವ ಎರಡು ವರ್ಷ ಇದ್ರು, ವಾಪಸ್ ಬಂದ್ಮೇಲೆ ಒಂದು ಮಾತೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ, ಟೂರಿಸ್ಟ್‌ಗಳಿಗೆ ಹೇಳ್ಬೇಡಿ ಅಂತ ನಮ್ಮ ಆಫೀಸಿಂದ ಏನಿಲ್ಲ, ನನಗೇ ಹೇಳೋಕಾಗಲ್ಲ ಅಂದ್ರು. ಅದಾದ್ಮೇಲೆ ಇದನ್ನ ಕಂಪ್ಲೇಂಟ್ ಅನ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಆದ್ರೂ ಕಂಪನಿ ಬ್ರೋಷರಲ್ಲಿ ಒಂದು ಸಾಲು ಹಾಕ್ಬೋದಿತ್ತು.

ಅಪ್ಪ ಆಗ ಹಂಗೆರಿ ತೆಗೆದ್ರು. 1956ರಲ್ಲಿ ರಷ್ಯಾ ಎರಡನೇ ಸಲ ನುಗ್ಗಿದಾಗ ಟಿಟೋ ಒಪ್ಪಿಗೆ ಕೊಟ್ಟಿದ್ದ, ಬುಡಾಪೆಸ್ಟಲ್ಲಿ ಇವರ ಎಂಬೆಸಿಲಿ ಅಡಗಿದ್ದ ಹಂಗೆರಿ ಪ್ರಧಾನಿ ಇಮ್ರೆ ನಾಗ್ಯ್‌ನ ಹೊರಗೆ ಬಂದ ತಕ್ಷಣ ರಷ್ಯನ್ನರು ಹಿಡ್ಕೊಂಡು ಹೋದ್ರು, 1958ರಲ್ಲಿ ಗಲ್ಲು. "ನಮ್ಮ ನೆಹರೂನೂ ಅವತ್ತು ಬಾಯಿ ಬಿಡೋಕೆ ತಡ ಮಾಡಿದ್ರು, ಪಾಠ ಮಾಡುವಾಗ ಇದನ್ನ ಹೇಳ್ತಿರ್ಲಿಲ್ಲ ನಾನು, ಸಿಲಬಸ್ಸಲ್ಲಿ ಇಲ್ವಲ್ಲ" ಅಂದ್ರು ಅಪ್ಪ. ಅಲಿಪ್ತ ಅಂದ್ರೆ ನಾವು ಏನ್ ಅಂದ್ಕೊಂಡಿದ್ವಿ ಹೇಳಿ, ತಾವರೆ ಎಲೆ ಮೇಲಿನ ನೀರು, ಅಂಟಲ್ಲ, ತಂಟೆ ಇಲ್ಲ. ಇಲ್ಲಿ ನೋಡಿದ್ರೆ ಆ ಮನುಷ್ಯ ಬೆಳಗೆದ್ರೆ ವ್ಯಾಪಾರ: ಐವತ್ತರ ದಶಕದಲ್ಲಿ ಅಮೆರಿಕಾದಿಂದ ಎಫ್-84 ವಿಮಾನ, ಅರವತ್ತರಲ್ಲಿ ರಷ್ಯಾದಿಂದ ಮಿಗ್-21. 1955ರಲ್ಲಿ ರಷ್ಯಾದ ನಾಯಕ ಕ್ರುಶ್ಚೇವ್ ತಾನಾಗಿ ಬೆಲ್‌ಗ್ರೇಡ್‌ಗೆ ಬಂದು ಏರ್‌ಪೋರ್ಟಲ್ಲೇ ತಪ್ಪೆಲ್ಲ ಸ್ಟಾಲಿನ್ ಕಾಲದ ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾದು ಅಂತ ಸತ್ತೋನ ಮೇಲೆ ಹಾಕಿ ರಾಜಿಗೆ ಕೂತ. ಸಂತೇಲಿ ಇಬ್ಬರು ದಲ್ಲಾಳಿಗಳ ಮಧ್ಯ ಎತ್ತು ಹಿಡ್ಕೊಂಡು ನಿಂತು, ಇವನಿಗೆ ಅವನ ರೇಟು ಅವನಿಗೆ ಇವನ ರೇಟು ಹೇಳೋ ರೈತ ಇರ್ತಾನಲ್ಲ, ಅವನು ಟಿಟೋ. ಕೈಗೆ ಒಂದಷ್ಟು ಸಿಕ್ತು ಕೂಡ: ಯುಗೊಸ್ಲಾವಿಯಾ ಕೆಂಪು ಪಾಸ್‌ಪೋರ್ಟಿಗೆ ಎರಡೂ ಕಡೆ ಬಾಗಿಲು ತೆಗೀತಿತ್ತು, ಜನ ಜರ್ಮನಿಗೆ ದುಡಿಯೋಕೆ ಹೋಗ್ತಿದ್ರು, ಇಟಲಿಯ ಟ್ರಿಯೆಸ್ಟ್‌ಗೆ ಹೋಗಿ ಜೀನ್ಸ್ ತರ್ತಿದ್ರು. ಸಾಲನೂ ಬೆಳೀತು ಬಿಡಿ, ಎಂಬತ್ತರ ದಶಕದಲ್ಲಿ ಕಾಫಿ ಸಿಗದೆ ಜನ ಪರದಾಡಿದ್ರು, ಪೆಟ್ರೋಲಿಗೆ ಕೂಪನ್ನು, ಒಂದಿನ ಸಮಸಂಖ್ಯೆ ನಂಬರಿನ ಗಾಡಿ ಒಂದಿನ ಬೆಸಸಂಖ್ಯೆದು.

ಊಟ ಆದ್ಮೇಲೆ ಹಳೇ ಊರಿನ ಕಡೆ ಬರೋವಾಗ ಸೇನಾ ಮುಖ್ಯ ಕಚೇರಿ ಬಿಲ್ಡಿಂಗ್ ಪಕ್ಕ ಹೋದ್ವಿ, 1999ರಲ್ಲಿ ನೇಟೋ ಬಾಂಬ್ ಬಿದ್ದು ಹೊಟ್ಟೆ ಹರಿದಿರೋದು. ಅದೇ ವರ್ಷ ಮೇ 7ಕ್ಕೆ ನ್ಯೂ ಬೆಲ್‌ಗ್ರೇಡಲ್ಲಿ ಚೀನಾ ಎಂಬೆಸಿ ಮೇಲೂ ಬಿತ್ತು, ಅಮೆರಿಕ ಮ್ಯಾಪ್ ತಪ್ಪು ಅಂತು, ಈಗ ಆ ಜಾಗದಲ್ಲಿ ಚೀನಾದವರ ದೊಡ್ಡ ಸಾಂಸ್ಕೃತಿಕ ಕೇಂದ್ರ ಎದ್ದಿದೆ. ಗೈಡ್ ಇಲ್ಲಿ ಏನೂ ಹೇಳದೆ ಗೇರ್ ಬದಲಾಯಿಸಿದ್ರು, ಸ್ವಲ್ಪ ಜೋರಾಗೇ.

ಕೊನೆ ಸ್ಟಾಪು ಹೂವಿನ ಮನೆ, ಟಿಟೋ ಸಮಾಧಿ. ಇದು ಯುಗೊಸ್ಲಾವಿಯಾ ಮ್ಯೂಸಿಯಂ ಆವರಣದಲ್ಲಿದೆ, ಟಿಕೆಟ್ ಟೂರಲ್ಲಿ ಸೇರಿಲ್ಲ, ಬೇರೆ ತಗೋಬೇಕು, ಆದ್ರೆ ಖಂಡಿತ ತಗೊಳ್ಳಿ. ಗಾಜಿನ ಮಾಡಿನ ಕೆಳಗೆ ಬಿಳೀ ಅಮೃತಶಿಲೆ, ಹೆಸರು, 1892-1980, ಅಷ್ಟೇ, ನಕ್ಷತ್ರನೂ ಇಲ್ಲ. ಪಕ್ಕದಲ್ಲಿ ಹೆಂಡತಿ ಯೊವಾಂಕಾ, 2013ರಲ್ಲಿ ಸೇರಿದ್ದು. ಪಕ್ಕದ ಕೋಣೇಲಿ ಬ್ಯಾಟನ್‌ಗಳು, ಟಿಟೋ ಹುಟ್ಟುಹಬ್ಬಕ್ಕೆ ದೇಶದ ಮೂಲೆ ಮೂಲೆಯಿಂದ ಯುವಕರು ಓಡಿ ತಂದು ಕೊಡ್ತಿದ್ರಲ್ಲ ಅವು, ವಿಮಾನದ ಆಕಾರದ್ದು, ಮೆಕ್ಕೆಜೋಳದ ಆಕಾರದ್ದು, ಫ್ಯಾಕ್ಟರಿ ಚಿಮಣಿ ಥರದ್ದು. ಗೈಡ್ ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಂತು, ನಾನೂ ಏಳು ವರ್ಷದವಳಿದ್ದಾಗ ನೀಲಿ ಟೋಪಿ ಕೆಂಪು ಸ್ಕಾರ್ಫ್ ಹಾಕಿ ಪಯೋನಿಯರ್ ಅನ್ನೋ ಮಕ್ಕಳ ಸಂಘ ಸೇರುವಾಗ ಪ್ರಮಾಣ ಮಾಡಿದೀನಿ ಅಂದ್ರು. 1980ರ ಮೇ 4 ಭಾನುವಾರ ಟೀವಿಲಿ ಸ್ಪ್ಲಿಟ್ ಊರಿನ ಫುಟ್‌ಬಾಲ್ ಮ್ಯಾಚ್, ಹೈದುಕ್ ಮತ್ತೆ ರೆಡ್ ಸ್ಟಾರ್, ಅರ್ಧಕ್ಕೆ ನಿಂತು ಟಿಟೋ ಹೋದ ಅಂತ ಅನೌನ್ಸ್ ಆಗಿದ್ದೇ ಆಟಗಾರರು ಮೈದಾನದಲ್ಲೇ ಕೂತು ಅತ್ರು. ಅಂತ್ಯಕ್ರಿಯೆಗೆ ರಷ್ಯಾದ ಬ್ರೆಜ್ನೆವ್ ಬಂದ, ಬ್ರಿಟನ್ನಿನ ಥ್ಯಾಚರ್ ಬಂದ್ರು, ಅಮೆರಿಕಾದ ಕಾರ್ಟರ್ ಬರ್ದೆ ಅಮ್ಮನ್ನೂ ಉಪಾಧ್ಯಕ್ಷನ್ನೂ ಕಳಿಸಿದ, ಇಂದಿರಾ ಗಾಂಧಿನೂ ಇದ್ರು. ಹತ್ತು ಹನ್ನೊಂದು ವರ್ಷ ಕಳೆಯೋದ್ರೊಳಗೆ ದೇಶನೇ ಇಲ್ಲ. ಅವತ್ತು ಹೈದುಕ್ ಆಡಿದ ಆ ಊರು ಈಗ ಕ್ರೊಯೇಷಿಯಾ, ಹೋಗ್ಬೇಕಂದ್ರೆ ಪಾಸ್‌ಪೋರ್ಟ್ ತೋರಿಸ್ಬೇಕು ಅಂದ್ರು ಗೈಡಮ್ಮ.

ರೇಟಿಂಗು: ಐದಕ್ಕೆ ನಾಲ್ಕು, ಹೀಟರ್ ಇದ್ದಿದ್ರೆ ನಾಲ್ಕೂವರೆ. ತಲೆಗೆ ಅರವತ್ತು ಯೂರೋ ಸ್ವಲ್ಪ ಜಾಸ್ತಿನೇ, ಮೂರು ಜನಕ್ಕಿಂತ ಜಾಸ್ತಿ ಹತ್ತಿಸಿದ್ರೆ ಒಪ್ಕೋಬೇಡಿ, ಉದ್ದ ಕಾಲಿನೋರು ಮುಂದಿನ ಸೀಟು ಮೊದ್ಲೇ ಕೇಳ್ಕೊಳ್ಳಿ. ಪಾರ್ಕಿಗೆ ಅರ್ಧ ಗಂಟೆ ಬೇಕು ಅಂತ ಬುಕ್ ಮಾಡುವಾಗ್ಲೇ ಬರೀರಿ. ಬೆಳಗಿನ ಸ್ಲಾಟೇ ತಗೊಳ್ಳಿ, ಸಂಜೆ ಆ ಸೇತುವೆ ಮೇಲೆ ಯೂಗೋ ತಳ್ಳೋದು ಯಾರಿಗೂ ಬೇಡ. ಅಪ್ಪ ಊರಿಗೆ ಹೋದ್ಮೇಲೆ ಹಳೇ ಸ್ಟೂಡೆಂಟ್ಸ್ ಗ್ರೂಪಿಗೆ ಆ ಮರದ ಫೋಟೋ ಹಾಕಿ "ನೆಹರೂರವರು ನೆಟ್ಟ ವೃಕ್ಷ, ಬೆಲ್‌ಗ್ರೇಡ್" ಅಂತ ಬರ್ದಿದಾರೆ, ಇನ್ನೂರ ಹದಿಮೂರು ಜನ ಲೈಕ್ ಒತ್ತಿದಾರೆ, ನಾನೂ ಒತ್ತಿದೀನಿ.